ಕೊಬ್ಬರಿ ಹೊತ್ತ ಬಾಬಿ

ಮಾವ ಶಾಕಬ್ಸರನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಕಟಕಟ ಅಂದಿತು. ಅದನ್ನು ಜಗಲಿಯ ಮೇಲಿಟ್ಟು ಇನ್ನೊಂದನ್ನು ಎತ್ತಿಕೊಂಡರು. ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಇದ್ದ ಕಾಯನ್ನು ಅವರು ಹೀಗೆ ಕಿವಿಗೆ ಹಿಡಿಯುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು, ಒಳಗೇ ಉರುಳಾಡುವ ಸದ್ದು ಬಂದರೆ ಕಾಯಿ ಒಡೆಯಲು ತಯಾರು.

"ಎರಡೂ ಕೊಬ್ಬರಿ ಆಗವೆ ಕಣಯ್ಯಾ ಅಳಿಯ. ಒಂದು ತೊಟ್ಟು ಎಣ್ಣೆ ಇಲ್ಲ. ಇವನ್ನ ಬಿಚ್ಚಾಕೆ ಹೋಗಬ್ಯಾಡ. ಬೆಂಗ್ಳೂರಾಗೆ ಹೊಸವು ಸಿಕ್ತವೆ, ತಂದು ಹಾಕು, ಮುಗೀತು."

ಒಂದು ಹಳೇ ಗೋಣಿಯನ್ನೂ ಬಿಸಾಡಲು ಬಿಡದ ಮನುಷ್ಯ ಹೊಸದು ತಾ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅದು 2016ರ ಬೇಸಿಗೆ. ಬ್ಯಾಂಕಿನಲ್ಲಿ ಉಳಿದಿದ್ದ ರಜೆಯನ್ನೆಲ್ಲ ಕೂಡಿಸಿಕೊಂಡು ತಿಪಟೂರು ತಾಲ್ಲೂಕಿನ ಅಜ್ಜಿಯ ಊರಿಗೆ ಹೋಗಿದ್ದೆ. ನೆಪ ಮಾವನನ್ನು ನೋಡುವುದು. ನಿಜವಾದ ಕಾರಣ, ಕಾಯಿ ಸುಲಿಯುವ ಕೊಟ್ಟಿಗೆಯ ಮೂಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಗೋಣಿತಾಟು ಹೊದ್ದು ನಿಂತಿದ್ದ ಬಾಬಿ.

ಈಗಿನವರಿಗೆ ಬಾಬಿ ಅಂದರೆ ಏನೆಂದು ಹೇಳಬೇಕು. ಅದರ ನಿಜವಾದ ಹೆಸರು ರಾಜದೂತ್ ಜಿಟಿಎಸ್ 175. ಫರೀದಾಬಾದಿನ ಎಸ್ಕಾರ್ಟ್ಸ್ ಕಂಪನಿಯದು. ಹಾಲಿನವರ, ಗ್ರಾಮಸೇವಕರ ದೊಡ್ಡ ರಾಜದೂತಿಗೆ ಇದ್ದ 173 ಸಿಸಿಯ ಟೂ ಸ್ಟ್ರೋಕ್ ಇಂಜಿನ್ನೇ ಇದಕ್ಕೂ. ಅದರ ಮೂಲ ಪೋಲೆಂಡಿನ ಎಸ್‌ಎಚ್‌ಎಲ್ ಬೈಕು. ಮೂರೇ ಗೇರು. ಮೈ ಮಾತ್ರ ಗಿಡ್ಡ, ಗಾಲಿ ಪುಟ್ಟವು. ದೊಡ್ಡಣ್ಣನ ಎದೆಯನ್ನು ತಮ್ಮನ ದೇಹಕ್ಕೆ ಕೂರಿಸಿದ ಹಾಗೆ. 1973ರಲ್ಲಿ ರಾಜ್ ಕಪೂರರ 'ಬಾಬಿ' ಬಂತು. ರಿಷಿ ಕಪೂರ್, ಡಿಂಪಲ್ ಕಪಾಡಿಯಾ ಈ ಪುಟ್ಟ ಗಾಡಿಯ ಮೇಲೆ ಓಡಿಹೋದರು, ಗಾಡಿಗೆ ಸಿನಿಮಾದ ಹೆಸರೇ ಅಂಟಿಕೊಂಡಿತು. ರಾಜ್ ಕಪೂರರ ಮಗಳನ್ನು ಕೊಟ್ಟಿದ್ದದ್ದು ಎಸ್ಕಾರ್ಟ್ಸಿನ ನಂದಾ ಮನೆತನಕ್ಕೆ. ಬೀಗರ ಮನೆಯ ಗಾಡಿಗೆ ಅಷ್ಟು ಮರ್ಯಾದೆ ಸಲ್ಲಬೇಕಾದ್ದೇ.

ಮಾವ ಆ ಸಿನಿಮಾವನ್ನು ತುಮಕೂರಿನಲ್ಲಿ ನಾಲ್ಕು ಸಲ ನೋಡಿದ್ದರಂತೆ. ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. 1977ರಲ್ಲಿ ಅರಸೀಕೆರೆಯ ಬಟ್ಟೆ ವ್ಯಾಪಾರಿಯೊಬ್ಬರ ಮಗ ಎರಡೇ ವರ್ಷ ಓಡಿಸಿ ಬೇಸರಪಟ್ಟಿದ್ದ ಕೆಂಪು ಬಾಬಿಯನ್ನು ಆ ವರ್ಷದ ಕೊಬ್ಬರಿ ದುಡ್ಡಿನಲ್ಲಿ ಕೊಂಡು ತಂದರು. ನನಗಾಗ ಹನ್ನೊಂದು ವರ್ಷ. ಊರಿನ ಅರ್ಧ ಜನ ಅದನ್ನು ನೋಡಲು ಬಂದಿದ್ದರು. "ಇದು ಇನ್ನೂ ಬೆಳೀತದೇನಪ್ಪ?" ಎಂದು ಒಬ್ಬ ಮುದುಕರು ಕೇಳಿದ್ದು ಇವತ್ತಿಗೂ ನಮ್ಮ ಮನೆಯಲ್ಲಿ ಚಲಾವಣೆಯಲ್ಲಿದೆ.

ಇಂಜಿನ್ನಿನ ಕಥೆ ದೊಡ್ಡದೇನಲ್ಲ. ಕಾರ್ಬೊರೇಟರ್ ಬಿಚ್ಚಿ ತೊಳೆದು, ಪಾಯಿಂಟು ಉಜ್ಜಿ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಿದ ಮೂರನೇ ದಿನ ಹೊಗೆ ಕಾರುತ್ತ ಎದ್ದು ಕೂತಿತು. ತೋಟದ ದಾರಿಯಲ್ಲಿ ನೂರು ಗಜ ಹೋಗಿ ಬಂದೆ. ಇಳಿದಾಗ ಹಲ್ಲುಗಳೆಲ್ಲ ಇವೆಯೇ ಎಂದು ನಾಲಗೆಯಿಂದ ತಡವಿ ನೋಡಿಕೊಂಡೆ. ಗಾಡಿಯ ಹಿಂಭಾಗ ಕಲ್ಲು. ಸೀಟಿನ ಮೇಲೆ ಎರಡೂ ಕೈಯೂರಿ ಮೈಯ ಭಾರವನ್ನೆಲ್ಲ ಬಿಟ್ಟರೂ ಬೆರಳಗಲ ತಗ್ಗುತ್ತಿರಲಿಲ್ಲ. ಇಪ್ಪತ್ತು ವರ್ಷ ನಿಂತದ್ದಕ್ಕೆ ತುಕ್ಕು ಹಿಡಿದು ಕಚ್ಚಿಕೊಂಡಿದೆ ಎಂದು ನನ್ನ ತೀರ್ಮಾನ.

ಪುಟ್ಟ ಗಾಲಿಯ ಗಾಡಿಗೆ ಹಿಂದಿನ ಶಾಕಬ್ಸರು ಹೋದರೆ ಆಗುವ ಕಷ್ಟ ದೊಡ್ಡ ಗಾಲಿಯವರಿಗೆ ತಿಳಿಯದು. ಎತ್ತಿನ ಗಾಡಿಯ ಗಾಲಿ ಆಳೆತ್ತರ ಇರುತ್ತಿದ್ದದ್ದು ಸುಮ್ಮನೆ ಅಲ್ಲ. ದೊಡ್ಡ ಗಾಲಿ ಸಣ್ಣ ಗುಂಡಿಯನ್ನು ಮೇಲಿಂದ ಮೇಲೆ ದಾಟಿಬಿಡುತ್ತದೆ. ಪುಟ್ಟದು ಪ್ರತಿ ಗುಂಡಿಗೂ ಇಳಿದು, ತಳ ಮುಟ್ಟಿ, ಹತ್ತಿ ಬರಬೇಕು. ಜಪಾನಿನ ಹೋಂಡಾದವರ 'ಮಂಕಿ' ಎಂಬ ಮಿನಿಬೈಕು ಹುಟ್ಟಿದ್ದು 1961ರಲ್ಲಿ, ಟೋಕಿಯೋ ಬಳಿಯ ತಾಮಾ ಟೆಕ್ ಎಂಬ ಮನರಂಜನಾ ಪಾರ್ಕಿನ ಮಕ್ಕಳ ಆಟದ ಗಾಡಿಯಾಗಿ. ರಸ್ತೆಗಿಳಿದ ಮೇಲೂ ಎಷ್ಟೋ ವರ್ಷ ಅದಕ್ಕೆ ಹಿಂದೆ ಶಾಕಬ್ಸರೇ ಇರಲಿಲ್ಲ, ಸೀಟಿನ ಸ್ಪಂಜೇ ಗತಿ. ಪಾರ್ಕಿನ ನೆಲದ ಮೇಲೆ ಅದು ನಡೆಯುತ್ತದೆ. ನಮ್ಮ ಬಿ.ಎಚ್. ರಸ್ತೆಯ ಮೇಲೆ ನಡೆಯುವುದಿಲ್ಲ.

ಮಾವನ ಮಾತಿನಂತೆ ಬೆಂಗಳೂರಿಗೆ ಹೋದೆ. ಜೆ.ಸಿ. ರಸ್ತೆಯಲ್ಲಿ ರಾಜದೂತ್ ಅಂದರೆ ಪಿಸ್ಟನ್ನು, ರಿಂಗು, ಕ್ಲಚ್ ಪ್ಲೇಟು ಎತ್ತಿ ಮುಂದಿಡುವ ಅಂಗಡಿಗಳು ಆಗಲೂ ಇದ್ದವು. ಬಾಬಿ ಅಂದ ಕೂಡಲೇ ನಕ್ಕರು. ಏಳನೇ ಅಂಗಡಿಯವರು ಅಟ್ಟದಿಂದ ಒಂದು ಜೊತೆ ತೆಗೆದು, ಧೂಳು ಕೊಡವಿ, "ಇದು ಕೂರುತ್ತೆ ಸಾರ್, ಕಣ್ಮುಚ್ಚಿ ತಗೊಂಡೋಗಿ" ಅಂದರು. ಕಣ್ಣು ಮುಚ್ಚಿಯೇ ತಂದೆ. ಮೇಲಿನ ಕಿವಿಯಿಂದ ಕೆಳಗಿನ ಕಿವಿಗೆ ಎಷ್ಟಿದೆ ಎಂದು ಅಳೆದು ಕೊಳ್ಳಬೇಕು ಎಂಬ ಬುದ್ಧಿ ಬಂದದ್ದು ಹಾಕಿದ ಮೇಲೆ.

ಕೂತವು, ಸುಳ್ಳಲ್ಲ. ಆದರೆ ಒಂದೂಕಾಲು ಇಂಚು ಉದ್ದ. ಮೋಟರ್ ಸೈಕಲ್ಲಿನಲ್ಲಿ ಒಂದೂಕಾಲು ಇಂಚು ಅಂದರೆ ಏನು ಮಹಾ ಎಂದುಕೊಂಡಿದ್ದೆ. ಗಾಡಿ ಗೂಳಿಯ ಹಾಗೆ ಹಿಂಭಾಗ ಎತ್ತಿಕೊಂಡು ನಿಂತಿತು. ಡಬಲ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಗಾಲಿ ನೆಲ ಬಿಡಲಿಲ್ಲ. ಸ್ವಿಂಗ್ ಆರ್ಮ್ ಮಾಮೂಲಿಗಿಂತ ಕೆಳಗೆ ಇಳಿಬಿದ್ದದ್ದರಿಂದ ಚೈನು ಅದರ ಬೆನ್ನನ್ನು ಸವರಿಕೊಂಡು ಓಡತೊಡಗಿತು. ಹತ್ತೇ ನಿಮಿಷದಲ್ಲಿ ಬಣ್ಣ ಹೋಗಿ ಬಿಳಿ ಗೆರೆ ಬಿತ್ತು. ಸ್ಪ್ರಿಂಗು ಯಾವುದೋ ಭಾರದ ಗಾಡಿಯದು, ನನ್ನಂಥ ಒಬ್ಬ ಕೂತರೆ ಅದಕ್ಕೆ ಗೊತ್ತೂ ಆಗುತ್ತಿರಲಿಲ್ಲ. ಬಿಚ್ಚಿ ಗೋಡೆಗೆ ಒರಗಿಸಿಟ್ಟೆ. ಈಗಲೂ ಅಲ್ಲೇ ಇವೆ.

ಉಳಿದದ್ದು ಹಳೆಯದನ್ನೇ ಬಿಚ್ಚುವ ದಾರಿ. ಮಾವ ಸುಮ್ಮನಿದ್ದರು. ತೋಟಕ್ಕೆ ನೀರು ಬಿಡಬೇಕು ಎಂದು ಮಧ್ಯಾಹ್ನದ ಉರಿಬಿಸಿಲಲ್ಲಿ ಎದ್ದು ಹೋದರು.

ಒತ್ತಿ ಕೂರಿಸಿದ ಸ್ಪ್ರಿಂಗು ಎಂಥ ಪ್ರಾಣಿ ಎಂದು ನನಗೆ ಗೊತ್ತಿರಲಿಲ್ಲ. ಬೆಂಚ್ ವೈಸಿನಲ್ಲಿ ಕೆಳಗಿನ ಕಿವಿಯನ್ನು ಹಿಡಿಸಿ, ಸ್ಪ್ರಿಂಗಿಗೆ ತೆಂಗಿನ ಹುರಿಹಗ್ಗ ಸುತ್ತಿ ಬಿಗಿದು, ಮೇಲಿನ ತುದಿಯ ನಟ್ಟಿಗೆ ಪಾನಾ ಹಾಕಿದೆ. ನಟ್ಟು ಕೊನೆಯ ಸುತ್ತು ಬಿಡುತ್ತಿದ್ದಂತೆ ಹಗ್ಗ ಪಟಾರನೆ ಹರಿಯಿತು. ಮೇಲಿನ ಕಿವಿ, ತಗಡಿನ ಕವಚ, ಸ್ಪ್ರಿಂಗು ಮೂರೂ ಒಟ್ಟಿಗೆ ಎದ್ದು ಎರಡು ಹೆಂಚು ಒಡೆದು, ಅಟ್ಟದ ಕಾಯಿರಾಶಿಗೆ ಬಡಿದು, ಹತ್ತಿಪ್ಪತ್ತು ಕಾಯಿಗಳ ಜೊತೆ ನನ್ನ ಸುತ್ತ ಸುರಿದವು. ಒಂದು ಗೇಣು ಈಚೆ ಬಂದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಆಮೇಲೆ ತಿಪಟೂರಿನ ಲೇತಿನ ಆಚಾರ್ರು ಕೇಳಿ ಬೈದರು. "ಸ್ಪ್ರಿಂಗಿಗೆ ಹಗ್ಗ ಕಟ್ತಾರೇನ್ ಸ್ವಾಮಿ, ಅದೇನು ಹಸುವಾ?" ಎರಡು ಕಬ್ಬಿಣದ ಪಟ್ಟಿಗೆ ತೂತು ಕೊರೆದು, ಎರಡು ಉದ್ದ ಬೋಲ್ಟು ತೂರಿಸಿ, ನಟ್ಟನ್ನು ಎರಡೂ ಕಡೆ ಸಮವಾಗಿ ಅರ್ಧರ್ಧ ಸುತ್ತು ಬಿಗಿಯುತ್ತ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನವೊಂದನ್ನು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟರು. ಎರಡನೆಯದನ್ನು ಅದರಲ್ಲಿ ಬಿಚ್ಚಿದೆ, ಮಗುವಿನ ಅಂಗಿ ಕಳಚಿದಷ್ಟು ಸಲೀಸು.

ಆದರೆ ಆ ಮಧ್ಯಾಹ್ನ ನಾನು ಕಾಯಿಗಳ ನಡುವೆ ಕೂತು ನೋಡುತ್ತಿದ್ದದ್ದು ಬೇರೆಯದನ್ನೇ. ಕವಚ ಹಾರಿಹೋಗಿ ಬಯಲಾದ ರಾಡಿನ ಮೇಲೆ, ಬಳೆ ಏರಿಸಿದ ಹಾಗೆ, ಕಪ್ಪು ರಬ್ಬರಿನ ಬಿಲ್ಲೆಗಳು. ಒಂಬತ್ತು. ಲಾರಿಯ ಟಯರಿನಿಂದ ಕೊಯ್ದು ನಡುವೆ ತೂತು ಮಾಡಿದವು. ಕತ್ತಿ ಆಡಿದ ಗುರುತು ಅಂಚಿನಲ್ಲಿ ಸ್ಪಷ್ಟವಾಗಿತ್ತು, ಒಂದರ ಬೆನ್ನಲ್ಲಿ ಟಯರಿನ ಪಟ್ಟೆಯೂ ಉಳಿದಿತ್ತು. ರಾಡು ಒಳಗಿಳಿಯಲು ಇರುವ ಜಾಗವನ್ನೆಲ್ಲ ಅವೇ ತುಂಬಿದ್ದವು. ತುಕ್ಕೂ ಅಲ್ಲ, ಕಚ್ಚಿಕೊಂಡದ್ದೂ ಅಲ್ಲ. ಯಾರೋ ಬೇಕೆಂದೇ ಈ ಗಾಡಿಯ ಹಿಂಗಾಲನ್ನು ಮರಗಟ್ಟಿಸಿದ್ದರು.

ಸಂಜೆ ಮಾವ ಬಂದಾಗ ಬಿಲ್ಲೆಗಳನ್ನು ಜಗಲಿಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದೆ. ನೋಡಿದರು. ಟವಲಿನಿಂದ ಕತ್ತು ಒರೆಸಿಕೊಂಡರು.

"ಆ ಕಡೇದ್ರಾಗೆ ಏಳವೆ," ಅಂದರು.

ಆಮೇಲೆ ಒಂದೊಂದಾಗಿ ಬಂತು. ಬಾಬಿ ತಂದ ಮರುವರ್ಷ ಅಜ್ಜ ಹಾಸಿಗೆ ಹಿಡಿದರು. ಎತ್ತಿನ ಗಾಡಿ ಮಾರಿಹೋಯಿತು. ಒಂಬತ್ತು ಮೈಲಿ ದೂರದ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಸಾಗಿಸಬೇಕು, ಮನೆಯಲ್ಲಿದ್ದ ಗಾಲಿಯ ವಸ್ತು ಇದೊಂದೇ. ಸೀಟಿನ ಹಿಂದೆ ಅಡ್ಡಕ್ಕೆ ಒಂದು ಹಲಗೆ ಕಟ್ಟಿ, ಎಡಕ್ಕೊಂದು ಬಲಕ್ಕೊಂದು ಚೀಲ ನೇತುಹಾಕಿ, ಮೇಲೊಂದು ಹೇರಿದರೆ ಸ್ಪ್ರಿಂಗು ಪೂರ್ತಿ ಕುಸಿದು ಮಡ್‌ಗಾರ್ಡು ಟಯರಿಗೆ ಉಜ್ಜುತ್ತಿತ್ತು. ಪಂಚರ್ ಅಂಗಡಿಯವನೊಬ್ಬ ಬಿಲ್ಲೆಯ ಉಪಾಯ ಹೇಳಿಕೊಟ್ಟ. ಕೆಲಸ ಆಯಿತು. ಬಲಗಡೆಯ ಚೀಲ ಯಾವಾಗಲೂ ಒಂದು ಕೈ ಭಾರ, ಅದಕ್ಕೇ ಆ ಕಡೆ ಎರಡು ಬಿಲ್ಲೆ ಜಾಸ್ತಿ. ಹೀಗೆ ಹತ್ತು ಹನ್ನೆರಡು ವರ್ಷ. ಡಿಂಪಲ್ ಕೂತಿದ್ದ ಜಾಗದಲ್ಲಿ ತಿಪಟೂರಿನ ಉಂಡೆ ಕೊಬ್ಬರಿ.

ಒಳಬಾಗಿಲ ಹತ್ತಿರ ನಿಂತು ಅತ್ತೆ ಇದನ್ನೆಲ್ಲ ಕೇಳಿಸಿಕೊಂಡಿದ್ದು ನಮಗಿಬ್ಬರಿಗೂ ತಿಳಿದಿರಲಿಲ್ಲ.

ಇಲ್ಲಿ ಒಂದು ಹಳೆಯ ಪ್ರಕರಣ ಹೇಳಬೇಕು. 1979ರಲ್ಲಿ ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಚಿಕ್ಕನಾಯಕನಹಳ್ಳಿಯ ತವರಿನಿಂದ ಮಾವ ಬಾಬಿಯ ಮೇಲೆ ಕರೆತಂದರು. ಅರ್ಧ ದಾರಿಯಲ್ಲಿ ಅತ್ತೆ ಗಾಡಿ ನಿಲ್ಲಿಸಿ ಎಂದರು, ಇಳಿದರು, ಹಿಂದಿನಿಂದ ಬಂದ ಬಸ್ಸು ಹತ್ತಿ ಊರು ಸೇರಿದರು. ಆಮೇಲೆ ಆ ಗಾಡಿಯನ್ನು ಮುಟ್ಟಲಿಲ್ಲ. ಸೊಂಟದ ನೋವು ಬಂದಾಗಲೆಲ್ಲ ಆ ಪಯಣದ ಮಾತು ಬರುತ್ತಿತ್ತು. ಆಗೆಲ್ಲ ಮಾವ ರಸ್ತೆಯನ್ನು ಬೈಯುತ್ತಿದ್ದರು. ಪಿಡಬ್ಲ್ಯುಡಿ ಅನ್ನುವ ಶಬ್ದವನ್ನು ನಾನು ಮೊದಲು ಕಲಿತದ್ದೇ ಆ ಬೈಗುಳದಲ್ಲಿ.

"ಮೂವತ್ತೇಳು ವರ್ಷ," ಅಂದರು ಅತ್ತೆ, ಹೊರಗೆ ಬಂದು. "ರೋಡು ಸರಿ ಇಲ್ಲ, ರೋಡು ಸರಿ ಇಲ್ಲ."

"ರೋಡೂ ಸರಿ ಇರ್ಲಿಲ್ಲ ಕಣೇ," ಅಂದರು ಮಾವ.

ಅವತ್ತು ರಾತ್ರಿ ಮುದ್ದೆಗೆ ಸಾರು ತೆಳ್ಳಗಿತ್ತು. ನನಗೂ.

ಎರಡು ಶಾಕಬ್ಸರನ್ನೂ ಆಚಾರ್ರ ಲೇತಿನ ಮುಂದೆ ಪೂರ್ತಿ ಬಿಚ್ಚಿದೆವು. ಕೊಳವೆಯ ಬಾಯಿಗೆ ಎರಡು ಕಚ್ಚಿರುವ ದುಂಡು ನಟ್ಟು. ಅದಕ್ಕೆ ಸರಿಹೊಂದುವ ಪಾನಾ ಎಲ್ಲಿಯೂ ಇಲ್ಲ. ಆಚಾರ್ರು ಹಳೇ ನೀರಿನ ಪೈಪಿನ ತುಂಡಿಗೆ ಎರಡು ಹಲ್ಲು ಬಿಡಿಸಿ ಕೀಲಿ ಮಾಡಿದರು. ಒಳಗೆ ಎಣ್ಣೆ ಇದ್ದ ಕುರುಹಾಗಿ ಒಂದಿಷ್ಟು ಕಪ್ಪು ಮಡ್ಡಿ. ಕಿವಿಗೆ ಹಿಡಿದಾಗ ಕಟಕಟ ಅಂದದ್ದು ಪಿಸ್ಟನ್ನಿನ ತೆಳು ವಾಷರು. ಮುರಿದು ಮೂರು ಚೂರಾಗಿತ್ತು.

ಆ ವಾಷರಿನ ಕೆಲಸವನ್ನು ಆಚಾರ್ರು ವಿವರಿಸಿದ್ದು ಹೀಗೆ. ಪಿಸ್ಟನ್ನಿನಲ್ಲಿ ತೂತುಗಳಿವೆ. ಗಾಲಿ ಮೇಲಕ್ಕೆ ಬರುವಾಗ ವಾಷರು ಎದ್ದು ದಾರಿ ಬಿಡುತ್ತದೆ, ಎಣ್ಣೆ ಸಲೀಸಾಗಿ ದಾಟುತ್ತದೆ. ಸ್ಪ್ರಿಂಗು ವಾಪಸ್ ತಳ್ಳುವಾಗ ವಾಷರು ತೂತಿನ ಮೇಲೆ ಕೂತು ದಾರಿ ಕಟ್ಟುತ್ತದೆ, ಎಣ್ಣೆ ಸಂದಿಯಲ್ಲಿ ನುಸುಳಿ ನಿಧಾನಕ್ಕೆ ಬರಬೇಕು. ಬ್ಯಾಂಕಿನವನಿಗೆ ಬ್ಯಾಂಕಿನ ಹಾಗೆಯೇ ಅರ್ಥವಾಯಿತು. ಸ್ಪ್ರಿಂಗು ಬಲು ಪ್ರಾಮಾಣಿಕ ಸಾಲಗಾರ, ಕೊಟ್ಟದ್ದನ್ನೆಲ್ಲ ಒಂದೇ ಕಂತಿನಲ್ಲಿ ಹಿಂದಿರುಗಿಸುತ್ತದೆ. ನಮ್ಮನ್ನು ಸೀಟಿನಿಂದ ಎಸೆಯುವುದು ಆ ಪ್ರಾಮಾಣಿಕತೆಯೇ. ಎಣ್ಣೆ ನಡುವೆ ನಿಂತು ಅರ್ಧಕ್ಕಿಂತ ಹೆಚ್ಚು ನುಂಗಿ, ಬಿಸಿಯಾಗಿ, ಗಾಳಿಗೆ ಬಿಟ್ಟುಬಿಡುತ್ತದೆ. ಲೆಕ್ಕಕ್ಕೇ ಸಿಗುವುದಿಲ್ಲ.

ರಾಡುಗಳ ಮೇಲೆ ಸಿಡುಬಿನ ಕಲೆಯ ಹಾಗೆ ತುಕ್ಕಿನ ಗುಳಿಗಳಿದ್ದವು. ಅದರ ಮೇಲೆ ಎಷ್ಟು ಹೊಸ ಆಯಿಲ್ ಸೀಲ್ ಹಾಕಿದರೂ ವಾರದಲ್ಲಿ ಕೊಯ್ದುಹಾಕುತ್ತದೆ. ಪೀಣ್ಯಕ್ಕೆ ಕಳಿಸಿ ಹಾರ್ಡ್ ಕ್ರೋಮ್ ಮಾಡಿಸಬಹುದಿತ್ತು, ಆಚಾರ್ರು ಬೇಡ ಎಂದರು. ಗುಜರಿಯಿಂದ ಯಾವುದೋ ಸ್ಕೂಟರಿನ ರಾಡು ಆರಿಸಿ ತಂದು, ಉದ್ದ ಕತ್ತರಿಸಿ, ತುದಿಗಳ ಕ್ರೋಮ್ ಮಾತ್ರ ತೆಗೆದು ಥ್ರೆಡ್ಡು ಹಾಕಿದರು. ಸೀಲನ್ನು ಗಾಡಿಯ ಹೆಸರು ಹೇಳಿ ಕೇಳಬಾರದು. ಒಳಗಲ, ಹೊರಗಲ, ದಪ್ಪ, ಮೂರು ಅಳತೆ ಹೇಳಿದರೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ವಾಷರನ್ನು ಹಳೇ ಗರಗಸದ ಎಲೆಯಿಂದ ಉಜ್ಜಿ ತೆಗೆದರು. ಕಿವಿಯ ಬುಷ್ಷು ಹೊಸದು. ಇಷ್ಟಕ್ಕೆ ನಾಲ್ಕು ದಿನ.

ಎಣ್ಣೆಯಲ್ಲಿ ಎರಡು ಸಲ ಕೆಟ್ಟೆ. ಮೊದಲ ಸಲ ಭರ್ತಿ ತುಂಬಿಬಿಟ್ಟೆ. ರಾಡನ್ನು ಒತ್ತಿದರೆ ಅರ್ಧ ಇಂಚು ಇಳಿದು ನಿಂತಿತು. ತುಂಬಿದ ತಂಬಿಗೆಗೆ ಸೌಟು ಅದ್ದಿದರೆ ನೀರು ಹೊರಗೆ ಚೆಲ್ಲಬೇಕು. ಇಲ್ಲಿ ಚೆಲ್ಲಲು ಜಾಗವೇ ಇಲ್ಲ. ರಾಡು ಒಳಗೆ ಬಂದಷ್ಟಕ್ಕೆ ಮೇಲೆ ಗಾಳಿಯ ಜಾಗ ಬಿಟ್ಟಿರಬೇಕು. ಎರಡನೇ ಸಲ ಮನೆಯಲ್ಲಿದ್ದ ಪಂಪ್‌ಸೆಟ್ಟಿನ ನಲವತ್ತರ ಇಂಜಿನ್ ಆಯಿಲ್ ಹಾಕಿದೆ. ಒಂದು ಗುಂಡಿಗೆ ಚೆನ್ನಾಗಿತ್ತು. ಸಾಲಾಗಿ ನಾಲ್ಕು ಗುಂಡಿ ಬಂದರೆ ಒಮ್ಮೆ ಕುಸಿದದ್ದು ಏಳುವುದರೊಳಗೆ ಮುಂದಿನದು ಬಂದು ಇನ್ನಷ್ಟು ಕುಸಿದು, ಕೊನೆಗೆ ಬಿಲ್ಲೆ ಹಾಕಿದ ಹಾಗೆಯೇ ಆಗುತ್ತಿತ್ತು. ಕಡೆಗೆ ಇಪ್ಪತ್ತರ ಫೋರ್ಕ್ ಆಯಿಲ್ ತಂದು, ದನದ ಡಾಕ್ಟರ ಹತ್ತಿರ ಬೇಡಿ ತಂದ ದೊಡ್ಡ ಸಿರಿಂಜಿನಲ್ಲಿ ಎರಡಕ್ಕೂ ಸಮ ಅಳೆದು ಹಾಕಿದೆ. ನೆಟ್ಟಗೆ ನಿಲ್ಲಿಸಿಕೊಂಡು ರಾಡನ್ನು ನಿಧಾನಕ್ಕೆ ಇಪ್ಪತ್ತು ಸಲ ಎಳೆದು ಒತ್ತಿದೆ. ಮೊದಲು ನಡುನಡುವೆ ಪೊಳ್ಳು ಸಿಗುತ್ತಿತ್ತು. ಆಮೇಲೆ ಗಾಳಿಯೆಲ್ಲ ಮೇಲಕ್ಕೆ ಹೋಗಿ, ಒತ್ತುವಾಗ ಮೆತ್ತಗೆ, ಎಳೆಯುವಾಗ ಜೇನುತುಪ್ಪದಿಂದ ಚಮಚ ಎತ್ತಿದ ಹಾಗೆ, ತಡೆದು ತಡೆದು ಬಂತು. ಮಾವನ ಕೈಗೆ ಕೊಟ್ಟೆ. ಅಭ್ಯಾಸಬಲದಿಂದ ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಎಳನೀರು," ಅಂದರು.

ಕೂರಿಸಿದ ದಿನ ಸೀಟನ್ನು ಒತ್ತಿ ಕೈಬಿಟ್ಟೆ. ತಗ್ಗಿತು, ಎದ್ದಿತು, ನಿಂತಿತು. ಎರಡನೇ ಸಲ ಕುಣಿಯಲಿಲ್ಲ. ಮಾವ ಪಂಚೆ ಎತ್ತಿ ಕಟ್ಟಿ ಹತ್ತಿದರು, ನಾನು ಹಿಂದೆ. ಕೆರೆ ಏರಿಯ ಮೇಲೆ ಎರಡು ಮೈಲಿ. ಉಬ್ಬು ಬಂದಾಗಲೆಲ್ಲ ಮಾವ ಮೊದಲೇ ಸೀಟಿನಿಂದ ಅರ್ಧ ಏಳುತ್ತಿದ್ದರು, ಕಾಲಿನ ಹಳೇ ಅಭ್ಯಾಸ. ಪೆಟ್ಟು ಬಾರದೆ ಮತ್ತೆ ಕೂರುತ್ತಿದ್ದರು. ವಾಪಸ್ ಬಂದು ಇಳಿದವರಿಗೆ ಸಮಾಧಾನ ಇರಲಿಲ್ಲ.

"ತೊಟ್ಟಿಲು ತೂಗಿದಂಗೈತೆ. ರೋಡೇ ಗೊತ್ತಾಗಕಿಲ್ಲ. ಮೂರು ಚೀಲ ಹಾಕಿದ್ರೆ ಮಕಾಡೆ ಮಲಗ್ತದೆ."

"ಈಗ್ಯಾರು ಮಾವ ಇದರ ಮೇಲೆ ಚೀಲ ಹಾಕ್ತಾರೆ? ಟೆಂಪೋ ಬಂದು ಬಾಗಿಲಲ್ಲೇ ತುಂಬಿಸ್ಕೊಂಡು ಹೋಗುತ್ತೆ."

"ಮಾತಿಗಂದೆ."

ಅತ್ತೆಯನ್ನು ಕರೆದೆ, ಮನೆಯ ಮುಂದೆ ಒಂದೇ ಸುತ್ತು ಎಂದು. ಅವರು ಗಾಡಿಯ ಹಿಂಭಾಗವನ್ನು ಬಗ್ಗಿ ನೋಡಿ, ಕೈಯಿಂದ ಸೀಟನ್ನು ಒಮ್ಮೆ ಒತ್ತಿ, "ನಾನೊಲ್ಲೆ ಕಣಪ್ಪಾ, ಬಸ್ಸೈತೆ" ಎಂದು ಒಳಗೆ ಹೋದರು.

ಬಿಲ್ಲೆಗಳು ಹದಿನಾರೂ ಜಗಲಿಯ ಮೇಲೆ ಒಂದು ವಾರ ಇದ್ದವು. ನೆನಪಿಗೆ ಇರಲಿ ಎಂದು ಬೆಂಗಳೂರಿಗೆ ಒಂದು ಜೊತೆ ಒಯ್ಯಬೇಕೆಂದುಕೊಂಡಿದ್ದೆ. ಹೊರಡುವ ದಿನ ನೋಡಿದರೆ ಒಂದೂ ಇಲ್ಲ. ಮಾವನನ್ನು ಕೇಳಿದರೆ ನಾನು ತೆಗೆದಿಲ್ಲ ಎಂದರು. ಅಡುಗೆಮನೆಯಲ್ಲಿ ಅತ್ತೆ ಇಡ್ಲಿಗೆ ರುಬ್ಬುತ್ತಿದ್ದರು. ಹಾಕಿದಾಗಲೆಲ್ಲ ಗಡಗಡ ನಡುಗುತ್ತ ಬಾಗಿಲವರೆಗೆ ನಡೆದು ಬರುತ್ತಿದ್ದ ಗ್ರೈಂಡರು ಅವತ್ತು ಗೋಡೆಯ ಪಕ್ಕ ಇದ್ದಲ್ಲೇ ತಿರುಗುತ್ತಿತ್ತು. ಬಗ್ಗಿ ನೋಡಿದೆ. ನಾಲ್ಕು ಕಾಲಿನ ಅಡಿಗೂ ನಾಲ್ಕು ನಾಲ್ಕು.